ಉಯ್ಯಂಬಳ್ಳಿ, ಚಿಕ್ಕಣ್ಣ ಮತ್ತು ನಾನು

ಹೆಸರು ಮಾಡಬೇಕೆಂಬ ಆಸೆ ಯಾರಿಗಿಲ್ಲ? ನನಗೂ ಇತ್ತು, ಮಾಡಿದೆ ಕೂಡ. ಆದರೆ ಮಾಡಿದ ಹೆಸರಿನಲ್ಲಿ ಒಂದಿಷ್ಟು ನಮ್ಮೂರಿಗೆ, ಒಂದಿಷ್ಟು ನಮ್ಮಪ್ಪನಿಗೆ ಹೋಗಿ, ನನ್ನ ಪಾಲಿಗೆ ಉಳಿದದ್ದು ಬರೀ ಎದೆಬಡಿತ. ಅದಕ್ಕೊಂದು ಮಾತ್ರೆ ಬರೆಸಿಕೊಳ್ಳಲು ಹೋದರೆ ಡಾಕ್ಟರು, "ನೀವೂ ಡಾಕ್ಟ್ರೇ ಅಲ್ವಾ?" ಎಂದರು. ನಾನು ಅಂಥ ಡಾಕ್ಟರಲ್ಲ. ರೋಗನಿರೋಧಕ ಶಕ್ತಿಯ ಬಗ್ಗೆ ಸಂಶೋಧನೆ ಮಾಡುವವನು. ರಾಮನಗರದಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಒಂದು ಸಂಸ್ಥೆಗೆ ಹೋಗುತ್ತೇನೆ. ಮೈಯೊಳಗಿನ ಕಾವಲು ಕಣಗಳು ನಮ್ಮದು ಯಾವುದು, ಹೊರಗಿನದು ಯಾವುದು ಎಂದು ಹೇಗೆ ಗುರುತು ಹಿಡಿಯುತ್ತವೆ ಎಂದು ನೋಡುವುದು ನನ್ನ ಕಸುಬು.

ನನ್ನ ಹೆಸರು ಯು. ಸಿ. ಸಿದ್ದರಾಜು. ನಮ್ಮ ಕಡೆ ಇನಿಷಿಯಲ್ ಎಂದರೆ ಗೊತ್ತಲ್ಲ, ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಯು ಎಂದರೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ, ಸಿ ಎಂದರೆ ನಮ್ಮಪ್ಪ ಚಿಕ್ಕಣ್ಣ. ಇದು ನಮ್ಮ ಪೋಸ್ಟ್‌ಮ್ಯಾನಿಗೆ ಅರ್ಥವಾಗುತ್ತದೆ, ಜರ್ಮನಿಯ ಪ್ರೊಫೆಸರಿಗೆ ಆಗುವುದಿಲ್ಲ. ನಾನು ಮೊದಲು ಜೊತೆಗೂಡಿ ಕೆಲಸ ಮಾಡಿದ್ದು ಆತನೊಂದಿಗೆ. ಒಂದಕ್ಷರದ್ದೆಲ್ಲ ಬೇಡ, ಪೂರ್ತಿ ಹೆಸರು ಬರೆದು ಕಳಿಸು ಎಂದ. ಕಳಿಸಿದೆ. ಮೊದಲಿಗಿದ್ದ ಊರನ್ನೇ ಆತ ಮನೆತನದ ಹೆಸರೆಂದುಕೊಂಡ; ಲೇಖನಗಳು "ಉಯ್ಯಂಬಳ್ಳಿ ಎಸ್." ಎಂಬ ಹೆಸರಿನಲ್ಲಿ ಅಚ್ಚಾದವು. ಆತ "ಪ್ರಿಯ ಡಾಕ್ಟರ್ ಉಯ್ಯಂಬಳ್ಳಿ" ಎಂದು ಬರೆದಾಗಲೆಲ್ಲ ಇಡೀ ಹೋಬಳಿಯ ಪರವಾಗಿ ಉತ್ತರ ಬರೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಪಾಸ್‌ಪೋರ್ಟ್ ಮಾಡಿಸಿದಾಗ ಕೊನೆಯ ಹೆಸರಿನ ಜಾಗದಲ್ಲಿ ಅಪ್ಪ ಬಂದು ಕೂತರು. ಹಾಗಾಗಿ ಜಪಾನಿನವರ ಜೊತೆ ಬರೆದ ಲೇಖನ, ನನ್ನ ಜೀವಮಾನದ ಒಳ್ಳೆಯ ಕೆಲಸವೆಂದರೆ ಅದೇ, "ಚಿಕ್ಕಣ್ಣ ಎಸ್." ಹೆಸರಿಗೆ ಹೋಯಿತು.

ಬಡ್ತಿಯ ಸಂದರ್ಶನ ಬರುವ ತನಕ ಇದೆಲ್ಲ ನಗುವ ವಿಷಯವೇ ಆಗಿತ್ತು. ಆಫೀಸಿನವರು ಲೇಖನಗಳನ್ನು ಎಣಿಸಿ, "ಸಿದ್ದರಾಜು ಅನ್ನೋ ಹೆಸರಲ್ಲಿ ಇಷ್ಟೇ ಇರೋದು, ಸಾಲಲ್ಲ. ಮಿಕ್ಕವು ನಿಮ್ಮವೇ ಅನ್ನೋಕೆ ಏನು ದಾಖಲೆ?" ಎಂದರು. ನಮ್ಮದು ಯಾವುದು, ಹೊರಗಿನದು ಯಾವುದು ಎಂದು ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಇಣುಕಿದವನ ಬಳಿ, ನಾನು ನಾನೇ ಎಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಈ ಸಲ ತಪ್ಪಿದರೆ ನನ್ನ ನಂತರ ಸೇರಿದವರ ಕೈಕೆಳಗೆ ಕೂರಬೇಕು. ಒಂದು ಸಂಜೆಯಂತೂ ಇದೇ ಯೋಚನೆಯಲ್ಲಿ ರಾಮನಗರದಲ್ಲಿ ಇಳಿಯುವುದನ್ನೇ ಮರೆತು ಚನ್ನಪಟ್ಟಣದಲ್ಲಿ ಇಳಿದೆ.

ಕೊನೆಗೆ ರಾಮನಗರದ ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಹಿಡಿದೆ. ಪಹಣಿಯಲ್ಲಿ ಸಿದ್ದಯ್ಯ, ರೇಷನ್ ಕಾರ್ಡಿನಲ್ಲಿ ಸಿದ್ದೇಗೌಡ ಎಂದಿದ್ದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಕೊಡುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನನ್ನ ಕಥೆ ಕೇಳಿ ಪೆನ್ನು ಕೆಳಗಿಟ್ಟರು. "ಸಾರ್, ಒಬ್ಬ ಮನುಷ್ಯ ಎರಡು ಹೆಸ್ರಲ್ಲಿರೋದು ದಿನಾ ನೋಡ್ತೀವಿ. ಊರು, ಅಪ್ಪ, ಮಗ ಮೂರೂ ಒಬ್ರೇ ಅನ್ನೋದು ಇದೇ ಮೊದ್ಲು. ಕರಡು ಬರ್ದುಕೊಡ್ತೀನಿ, ನಿಮ್ ತಂದೆಯವ್ರದ್ದೊಂದು ಸೈನ್ ಹಾಕಿಸ್ಕೊಂಡು ಬನ್ನಿ."

ಉಯ್ಯಂಬಳ್ಳಿಗೆ ಹೋದೆ. ಅಪ್ಪ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದರು. ಆ ಜಪಾನಿನ ಲೇಖನದ ಮೊದಲ ಪುಟವನ್ನು ನಾನೇ ಹಿಂದೊಮ್ಮೆ ತಂದುಕೊಟ್ಟಿದ್ದೆ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ರಾಮನಗರದ ಗೂಡಿನ ಮಾರುಕಟ್ಟೆಗೆ ಬಂದಾಗಲೆಲ್ಲ ಚೀಲದಲ್ಲಿ ತರುತ್ತಿದ್ದರೆಂದು ಆಗ ಗೊತ್ತಾಯಿತು. ಹರಾಜಿಗೆ ಕಾಯುವಾಗ ಪಕ್ಕದವರ ಕೈಗೆ ಕೊಟ್ಟು, "ಇಲ್ಲಿ ನನ್ನೆಸ್ರು ಐತೆ, ಓದ್ಲಾ" ಎನ್ನುತ್ತಿದ್ದರಂತೆ.

"ನಾನು ಸೈನ್ ಹಾಕ್ಬುಟ್ರೆ ನನ್ನೆಸ್ರು ಒಂಟೋಯ್ತದಾ?" ಎಂದು ಕೇಳಿದರು.

"ಹೋಗಲ್ಲಪ್ಪ. ಅದು ನಾನೇ ಅಂತ ಆಗುತ್ತೆ, ಅಷ್ಟೇ."

"ಓಗಾದು ಅಂದ್ರೆ ಅದೇ ಕಣ್ಲಾ." ಸೊಪ್ಪು ಹರಡುತ್ತಲೇ ಹೇಳಿದರು, "ಜಮೀನ್ನ ನಿನ್ನೆಸ್ರಿಗೆ ಮಾಡ್ಕೊಟ್ಟಿವ್ನಿ. ಮನೆ ಮಾಡ್ಕೊಟ್ಟಿವ್ನಿ. ಒಂದ್ ಪೇಪ್ರು ನನ್ನೆಸ್ರಲ್ಲಿ ಇರ್ಲಿ ಬುಡ್ಲಾ."

ಇಷ್ಟು ಹೇಳಿದವರು ಮತ್ತೆ ನನ್ನ ಮುಖ ನೋಡಿ, ಕೈ ಒರೆಸಿಕೊಂಡು ಪೆನ್ನಿಗೆ ಕೈಚಾಚಿದರು. ಬೇಡ ಬಿಡಪ್ಪ ಎಂದು ಕಾಗದ ಮಡಚಿಟ್ಟುಕೊಂಡೆ. ಊರು ತಕರಾರು ಮಾಡುವುದಿಲ್ಲವಲ್ಲ, ಉಯ್ಯಂಬಳ್ಳಿಯನ್ನು ಮಾತ್ರ ಸೇರಿಸಿ ಅಫಿಡವಿಟ್ ಮಾಡಿಸಿದೆ. ಅಷ್ಟರಲ್ಲೇ ಹೇಗಾದರೂ ಲೆಕ್ಕ ಸರಿಹೋಗಲಪ್ಪಾ ಎಂದು ಮನೆದೇವರಿಗೆ ಕೈಮುಗಿದೆ.

ಸಂದರ್ಶನದ ದಿನ ಸಮಿತಿಯ ಅಧ್ಯಕ್ಷರು ಹಾಳೆ ತಿರುವಿ, "ಒಂದೇ ಒಂದು ಲೇಖನ ಕಮ್ಮಿ ಬಿತ್ತಲ್ರೀ. ಮುಂದಿನ ಸಲ ನೋಡೋಣ" ಎಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಕನ್ನಡಕ ತೆಗೆದು ಸಮಾಧಾನ ಹೇಳಿದರು. "ನೀವು ಒಬ್ಬರೇ ಒದ್ದಾಡಬೇಡಿ. ನಿಮ್ಮ ವಿಷಯದಲ್ಲೇ ಚಿಕ್ಕಣ್ಣ ಅಂತ ಒಬ್ಬರಿದ್ದಾರೆ, ಜಪಾನಿನವರ ಜೊತೆ ಎಂಥಾ ಕೆಲಸ ಮಾಡಿದ್ದಾರೆ ನೋಡಿ. ಅವರ ಜೊತೆ ಸೇರಿಕೊಂಡು ಏನಾದ್ರೂ ಬರೀರಿ. ಪರಿಚಯ ಇದೆಯಾ?"

"ಇದೆ ಸಾರ್," ಎಂದೆ, "ಆದ್ರೆ ಅವರು ತಮ್ಮ ಪೇಪರಿಗೆ ನನ್ನ ಹೆಸರು ಸೇರಿಸೋಕೆ ಒಪ್ಪಲ್ಲ."