ಬಿಟ್ಟಿಗಿಂತ ಕಡಿಮೆ ದರ

ಜನನ ನೋಂದಣಿ ಕಚೇರಿಯ ಕಂಪ್ಯೂಟರು ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಿಂತುಹೋದ ಕಾರಣ, ಊರಿನಲ್ಲಿ ಅದುವರೆಗೆ ಹುಟ್ಟಿದವರೆಲ್ಲರ ಹುಟ್ಟನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಯಿತು. ಸಾರ್ವಜನಿಕರು ಆತಂಕಪಡಬಾರದೆಂದು ಬಾಗಿಲಿಗೆ ನೋಟೀಸು ಅಂಟಿಸಲಾಯಿತು. ಗೋಂದು ಸಾಲದೆ ಅದು ಬಿದ್ದುಹೋಯಿತು. ಆದರೂ ಯಾರೂ ಆತಂಕಪಡಲಿಲ್ಲ.

ಒಬ್ಬಳು ಮಾತ್ರ ಆತಂಕಪಟ್ಟಳು. ಬಟ್ಟೆ ಹೊಲಿಯುವ ಆ ಹೆಂಗಸು ಆರು ವರ್ಷದ ಮಗಳ ಕೈ ಹಿಡಿದು ಕೌಂಟರಿನ ಮುಂದೆ ನಿಂತಿದ್ದಳು. ಶುಕ್ರವಾರದೊಳಗೆ ಜನನಪತ್ರ ಕೊಡದಿದ್ದರೆ ಮಗುವಿಗೆ ಶಾಲೆಯಲ್ಲಿ ಸೀಟಿಲ್ಲ.

"ಹುಟ್ಟಿದ್ದಾಳೆ ಅನ್ನೋದಕ್ಕೆ ಏನು ಸಾಕ್ಷಿ?" ಎಂದರು ಹೆಡ್ ಕ್ಲಾರ್ಕು.

"ಇಲ್ಲೇ ನಿಂತಿದಾಳಲ್ಲ ಸಾರ್."

"ಅದು ನೀವು ಹೇಳೋದು. ಕಂಪ್ಯೂಟರು ಹೇಳಬೇಕು."

ಮೆಕ್ಯಾನಿಕ್ ಬಂದು ನೋಡಿದ. ದಾಖಲೆಗಳೆಲ್ಲ ನೆಟ್ಟಗಿದ್ದವು, ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಮಾತ್ರ ಕೆಟ್ಟಿತ್ತು. "ಚಿಂತೆ ಬೇಡ ಸಾರ್. ಲಿನಕ್ಸ್ ಅಂತ ಒಂದಿದೆ, ಬಿಎಸ್‌ಡಿ ಅಂತ ಇನ್ನೊಂದಿದೆ. ಯೂನಿಕ್ಸ್ ಅನ್ನೋ ಒಂದೇ ಮನೆತನದ ದಾಯಾದಿಗಳ ಥರ. ಎರಡೂ ಬಿಟ್ಟಿ. ಯಾವುದು ಅಂತ ಹೇಳಿ, ಮಧ್ಯಾಹ್ನದೊಳಗೆ ಹಾಕಿಕೊಡ್ತೀನಿ."

ಮುಖ್ಯಾಧಿಕಾರಿಗಳು ಕನ್ನಡಕ ತೆಗೆದರು. "ಎಷ್ಟು ಬಿಟ್ಟಿ?"

"ಪೂರ್ತಿ ಬಿಟ್ಟಿ."

"ಅದರಲ್ಲಿ ಹತ್ತು ಪರ್ಸೆಂಟ್ ಅಂದ್ರೆ ಎಷ್ಟಾಗುತ್ತೆ?"

ಹೆಡ್ ಕ್ಲಾರ್ಕು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಲೆಕ್ಕ ಹಾಕಿದರು. ಎರಡು ಸಲವೂ ಸೊನ್ನೆಯೇ ಬಂದದ್ದರಿಂದ ಕ್ಯಾಲ್ಕುಲೇಟರನ್ನೂ ರಿಪೇರಿಗೆ ಕಳಿಸಲಾಯಿತು.

ದಾನ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬುದು ಗಾದೆಮಾತು. ಎಣಿಸಲೇಬೇಕು, ಅದೂ ಮೂವರು ಸೇರಿ ಎಣಿಸಬೇಕು ಎಂಬುದು ಕಚೇರಿಯ ನಿಯಮ. ಅದರಂತೆ ಮಂಗಳವಾರ ಆಯ್ಕೆ ಸಮಿತಿ ರಚನೆಯಾಯಿತು. ಅತಿ ಕಡಿಮೆ ದರದ್ದನ್ನೇ ಆರಿಸಬೇಕು. ಎರಡರ ದರವೂ ಒಂದೇ. ಆದ್ದರಿಂದ ಬಿಟ್ಟಿಗಿಂತ ಕಡಿಮೆ ದರ ನಮೂದಿಸುವಂತೆ ಇಬ್ಬರು ಮಾಲೀಕರಿಗೂ ಪತ್ರ ಬರೆಯಲು ತೀರ್ಮಾನವಾಯಿತು.

"ಮಾಲೀಕರು ಅಂತ ಒಬ್ಬರಿಲ್ಲ ಸಾರ್," ಎಂದ ಮೆಕ್ಯಾನಿಕ್. "ಲೋಕದ ತುಂಬ ಸಾವಿರಾರು ಜನ ಸೇರಿ ಮಾಡಿದ್ದು."

"ಹಾಗಾದ್ರೆ ಎಲ್ಲರಿಗೂ ಒಂದೊಂದು ಪ್ರತಿ ಹಾಕ್ರಿ."

ಬುಧವಾರ ತಾಂತ್ರಿಕ ಪರಿಶೀಲನೆ ನಡೆಯಿತು. ಸಮಿತಿಗೆ ಅರ್ಥವಾಗುವಂಥದ್ದು ಎರಡರ ಗುರುತಿನ ಚಿತ್ರಗಳು ಮಾತ್ರ. ಒಂದು ಹೊಟ್ಟೆ ತುಂಬಿ ಕೂತ ಪೆಂಗ್ವಿನ್, ಇನ್ನೊಂದು ಕೊಂಬಿರುವ ಕೆಂಪು ಮರಿಭೂತ. ಹಸುಗೂಸುಗಳ ಕಚೇರಿಗೆ ಭೂತ ಶೋಭಿಸದೆಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಪೆಂಗ್ವಿನ್ನಿಗೆ ತಂಪು ಬೇಕೆಂಬುದನ್ನು ಮನಗಂಡು ಮುಖ್ಯಾಧಿಕಾರಿಗಳ ಕೋಣೆಗೆ ಎ.ಸಿ. ಮಂಜೂರಾಯಿತು. ಕಂಪ್ಯೂಟರು ಇದ್ದದ್ದು ಪಕ್ಕದ ಕೋಣೆಯಲ್ಲಿ.

ಗುರುವಾರ ಮೆಕ್ಯಾನಿಕ್ ತಡೆಯಲಾರದೆ, ಆ ಹೆಂಗಸು ಕಾಯುತ್ತ ಕೂತಿದ್ದ ಬೆಂಚಿನ ಬಳಿ ಬಂದು ಪಿಸುಗುಟ್ಟಿದ: "ಅಕ್ಕಾ, ಎರಡೂ ನನ್ನ ಪೆನ್‌ಡ್ರೈವಲ್ಲೇ ಇವೆ. ಇವರು ಊಟಕ್ಕೆ ಎದ್ದಾಗ ಒಂದನ್ನ ಹಾಕಿಬಿಡ್ತೀನಿ."

"ಯಾವುದನ್ನಪ್ಪಾ?"

"ಯಾವುದಾದ್ರೂ ನಿಮ್ಮ ಮಗಳು ಹುಟ್ತಾಳೆ."

ಅರ್ಧ ಹಾಕುವಷ್ಟರಲ್ಲಿ ಸಿಕ್ಕಿಬಿದ್ದ. ಕಚೇರಿಯ ಆವರಣದಲ್ಲಿ ಪ್ರತಿಫಲ ಪಡೆಯದೆ ಕೆಲಸ ಮಾಡಲು ಯತ್ನಿಸಿದ್ದಕ್ಕೆ ಕಾರಣ ಕೇಳಿ ನೋಟೀಸು ಕೊಡಲಾಯಿತು.

ಶುಕ್ರವಾರ ದರ್ಜಿ ಹೆಂಗಸು ಕೌಂಟರು ಬಿಟ್ಟು ಕದಲಲಿಲ್ಲ. ಹೆಡ್ ಕ್ಲಾರ್ಕರೇ ಕರಗಿ ಮುದ್ರೆ ಒತ್ತಿ ತಾತ್ಕಾಲಿಕ ಪತ್ರ ಕೊಟ್ಟರು: "ಸದರಿ ಬಾಲಕಿಯು ಆಪರೇಟಿಂಗ್ ಸಿಸ್ಟಂ ಆಯ್ಕೆಯಾದ ಕೂಡಲೇ ಹುಟ್ಟತಕ್ಕದ್ದು."

ಶಾಲೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸೀಟು ಕೊಟ್ಟರು. "ಆದ್ರೆ ಹುಟ್ಟದ ಮಗುವಿಗೆ ಹಾಜರಿ ಹಾಕೋಕೆ ಬರಲ್ಲ ನೋಡಮ್ಮ."

"ಪಾಠ ಹೇಳಿಕೊಡ್ತೀರಲ್ಲ?"

"ಪಾಠಕ್ಕೆ ರಿಜಿಸ್ಟರಿಲ್ಲ."

ಇದಾಗಿ ಎರಡು ವರ್ಷ. ಸಮಿತಿ ಪೆಂಗ್ವಿನ್ನುಗಳ ನಾಡಿಗೆ ಕುಟುಂಬಸಮೇತ ಅಧ್ಯಯನ ಪ್ರವಾಸ ಮುಗಿಸಿ ಬಂದಿದೆ. ಪಕ್ಷಪಾತದ ದೂರು ಬಾರದಿರಲೆಂದು ಭೂತದ ಊರನ್ನು ಹುಡುಕುತ್ತಿದೆ. ಅಷ್ಟೂ ದಿನ ಒಂದು ಮಗುವೂ ಹುಟ್ಟದಂತೆ ನೋಡಿಕೊಂಡದ್ದಕ್ಕೆ ಕಚೇರಿಗೆ ಜನಸಂಖ್ಯಾ ನಿಯಂತ್ರಣದ ಪ್ರಶಸ್ತಿ ಬಂದಿದೆ. ದರ್ಜಿಯ ಮಗಳು ಎರಡನೇ ಸಾಲಿನಲ್ಲಿ ಕೂರುತ್ತಾಳೆ. ಮಗ್ಗಿ ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಹೆಸರು ಕೂಗಿದಾಗ ಚಟ್ಟನೆ ಎದ್ದು ನಿಂತು, ಕೈ ಕಟ್ಟಿ, ಗಟ್ಟಿಯಾಗಿ ಹೇಳುತ್ತಾಳೆ: "ಬಂದಿಲ್ಲ, ಮಿಸ್!"

ಮೊದಮೊದಲು ಮಕ್ಕಳು ನಗುತ್ತಿದ್ದರು. ಈಗ ಅವಳಂತೆಯೇ ಹುಟ್ಟದೆ ಹಾಗೆ ಹೇಳುವವರು ಆ ತರಗತಿಯಲ್ಲಿ ಹನ್ನೊಂದು ಜನರಿದ್ದಾರೆ.