ಯಾರ ಕಡೆಯವರು?

ಯಾರಿಂದಲಾದರೂ ಒಂದು ಮಾತು ಹೇಳಿಸದೆ ಯಾವ ಕೆಲಸಕ್ಕೂ ಹೊರಡಬಾರದು ಎಂದು ನಂಬಿದವನು ನಾನು. ನಮ್ಮ ಶಿಕಾರಿಪುರದಲ್ಲಿ ಪಹಣಿ ತೆಗೆಸುವುದಕ್ಕೆ ಯಾರ ಶಿಫಾರಸೂ ಬೇಡ, ದುಡ್ಡು ಕಟ್ಟಿದರೆ ಕೊಡುತ್ತಾರೆ. ಆದರೂ ಕೌಂಟರಿನ ಮುಂದೆ ನಿಲ್ಲುವ ಮೊದಲು ಒಳಗಿನವರಿಗೆ ಒಂದು ಫೋನು ಮಾಡಿಸಿರುತ್ತೇನೆ. ತೊಗರ್ಸಿಯ ದೇವಸ್ಥಾನಕ್ಕೆ ಹೋಗುವಾಗಲೂ ಅರ್ಚಕರಿಗೆ ಮೊದಲೇ ಹೇಳಿಸಿದ್ದುಂಟು. ಅಂದು ಗುಡಿಯಲ್ಲಿದ್ದ ಭಕ್ತರು ನಾನು, ನನ್ನ ಹೆಂಡತಿ ಗಿರಿಜ, ಇಬ್ಬರೇ. "ದೇವ್ರಿಗೂ ನಿಮ್ಮ ಪರಿಚಯ ಹೇಳ್ಸಬೇಕೇನ್ರೀ?" ಎಂದು ಅವಳು ಅವತ್ತೇ ಕೇಳಿದ್ದಳು.

ಗಿರಿಜ ರವಿಕೆ ಹೊಲಿಯುತ್ತಾಳೆ. ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸಿಕೊಡಿ ಎಂದು ಬಂದ ಗಿರಾಕಿಗಳನ್ನೇ ಕೇಳುವಂತಾಯಿತು. ನಮಗೆ ವಿಮೆ ಇತ್ತು. ಊರಿನ ಕಣ್ಣಿನ ಆಸ್ಪತ್ರೆ ಆ ವಿಮೆಯ ನೆಟ್‌ವರ್ಕಿನಲ್ಲೂ ಇತ್ತು. ವಿಮೆಯ ಕಾರ್ಡು ತೋರಿಸಿ ಸುಮ್ಮನೆ ಹೋಗಿದ್ದರೆ ಮುಗಿಯುತ್ತಿತ್ತು, ಬಿಲ್ಲನ್ನು ವಿಮೆಯವರೇ ಕಟ್ಟುತ್ತಿದ್ದರು. ಆದರೆ ಸುಮ್ಮನೆ ಹೋಗುವುದು ಹೇಗೆ? ಸೊರಬದಲ್ಲಿರುವ ನನ್ನ ಷಡ್ಡಕ ಮಂಜಪ್ಪನಿಗೆ ಫೋನು ಮಾಡಿದೆ. ಅವನಿಗೆ ಗೊತ್ತಿಲ್ಲದವರು ಯಾರಿದ್ದಾರೆ! "ನೀವು ತಲೆಬಿಸಿ ಮಾಡ್ಕಬೇಡಿ ಮಾರಾಯ್ರೆ, ನಮ್ಮೋರು ಅಂತ ಹೇಳ್ತೀನಿ," ಎಂದ. ಹೇಳಿದ. ಆಸ್ಪತ್ರೆಯಲ್ಲಿ ನಮಗೆ ನಡೆದ ಉಪಚಾರ ಬೀಗರಿಗೂ ನಡೆಯುವುದಿಲ್ಲ. ಬೇರೆ ಕೋಣೆ, ಕೂತಲ್ಲಿಗೇ ಕಾಫಿ. ಅಲ್ಲಿನ ಡಾಕ್ಟರು ಸಾಲದೆಂದು ಹೊರಗಿನಿಂದ ದೊಡ್ಡ ಡಾಕ್ಟರನ್ನೇ ಕರೆಸಿದ್ದರು. ನನ್ನ ಎದೆ ಉಬ್ಬಿತು.

ಒಂದು ಕಣ್ಣಿನ ಆಪರೇಷನ್ ಮುಗಿದು ಮನೆಗೆ ಹೊರಡುವಾಗ ಬಿಲ್ಲು ಬಂತು. ಕೌಂಟರಿನ ಹುಡುಗಿ, ಪಾಪ, ಸಮಾಧಾನವಾಗಿಯೇ ಹೇಳಿದಳು: "ಆಸ್ಪತ್ರೆ ನೆಟ್‌ವರ್ಕಲ್ಲೈತೆ ಸರ್. ನಿಮಗೆ ಅಂತ ಕರೆಸಿದ ಡಾಕ್ಟ್ರು ಅದರಲ್ಲಿಲ್ಲ. ಅವರ ಫೀಸು, ಆ ರೂಮು, ಎರಡೂ ವಿಮೆಯೋರು ಕೊಡಲ್ಲ."

"ಮೊದಲೇ ಹೇಳಬಾರದಿತ್ತೇನ್ರೀ?"

"ದೊಡ್ಡೋರ ಕಡೆಯೋರು ಅಂದ್ರು ಸರ್. ದುಡ್ಡಿನ ಮಾತು ಹೆಂಗೆ ಎತ್ತೋದು ಅಂತ ಸುಮ್ನಿದ್ವಿ."

ಹೊಸ ಹೊಲಿಗೆ ಯಂತ್ರಕ್ಕೆಂದು ಗಿರಿಜ ಕೂಡಿಟ್ಟಿದ್ದು ಅಲ್ಲಿಗೆ ಹೋಯಿತು. ಇನ್ನೊಂದು ಬಿಲ್ಲಿನ ಭಯಕ್ಕೆ ಎರಡನೆಯ ಕಣ್ಣಿನ ಮಾತನ್ನೇ ಅವಳು ಎತ್ತಲಿಲ್ಲ. ಒಂದು ಕಣ್ಣು ಮುಚ್ಚಿ, ಯಂತ್ರದ ಮೇಲೆ ಬಗ್ಗಿ ಅವಳು ಹೊಲಿಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. "ಯಾರಿಂದಾದ್ರೂ ಹೇಳ್ಸಿ ಈ ಸಲ ಕಡಿಮೆ ಮಾಡ್ಸಲಾ?" ಎಂದು ಒಮ್ಮೆ ಕೇಳಿದೆ. ಆಪರೇಷನ್ ಆದ ಕಣ್ಣಿನಿಂದ ನನ್ನನ್ನು ನೋಡಿದಳು. ಆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತೆಂದು ತೋರುತ್ತದೆ.

ಮೊನ್ನೆ ಅವಳೇ ಕಾರ್ಡು ಹಿಡಿದು ಅದೇ ಆಸ್ಪತ್ರೆಗೆ ಹೊರಟಳು. ಹೊರಡುವ ಮೊದಲು ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅವಳ ಚೀಲ ಹಿಡಿದು ನಾನೂ ಹಿಂದೆ ಹೋದೆ. ಕೌಂಟರಿನಲ್ಲಿ ಹೊಸ ಮುಖವೊಂದು ಕೇಳಿತು: "ಯಾರ ಕಡೆಯೋರಮ್ಮಾ?"

"ಯಾರ ಕಡೆಯೋಳೂ ಅಲ್ಲ. ನಿಮ್ಮ ಡಾಕ್ಟ್ರೇ ಸಾಕು."

ಕಾರ್ಡು ತೆಗೆದುಕೊಂಡರು, ಬೇರೇನೂ ಕೇಳಲಿಲ್ಲ. ಅವಳನ್ನು ಒಳಗೆ ಕರೆದೊಯ್ದ ಮೇಲೆ ಬೆಂಚಿನಲ್ಲಿ ಕೂತ ನನಗೆ ನಿಜಕ್ಕೂ ಹೆದರಿಕೆಯಾಯಿತು. ಯಾರೂ ಏನೂ ಹೇಳಿಲ್ಲ. ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ? ತಡೆಯಲಾಗದೆ ಪಕ್ಕದಲ್ಲಿದ್ದವರ ಫೋನು ಕೇಳಿ ತೆಗೆದುಕೊಂಡೆ. ಎಷ್ಟು ತಿಣುಕಿದರೂ ಮಂಜಪ್ಪನ ನಂಬರು ನೆನಪಾಗಲಿಲ್ಲ. ಅಷ್ಟೊಂದು ಜನರ ಪರಿಚಯವಿದ್ದೂ ನನಗೆ ಬಾಯಿಪಾಠ ಬರುವ ನಂಬರು ಒಂದೇ. ಅದನ್ನೇ ಒತ್ತಿದೆ. ನನ್ನ ತೊಡೆಯ ಮೇಲಿದ್ದ ಗಿರಿಜಳ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು.