ಉಪಾಧ್ಯಕ್ಷರ ಮುಖದ ಗಾತ್ರ

ಶಿಡ್ಲಘಟ್ಟದ ನೀರಿನ ಟ್ಯಾಂಕಿನ ಮೇಲೆ ಊರಿನ ಹೆಸರನ್ನು ಬರೆದವರು ನರಸಿಂಹಪ್ಪನವರು. ಸೊಂಟಕ್ಕೆ ಹಗ್ಗ ಬಿಗಿದು, ಹಲ್ಲಿನ ನಡುವೆ ಕುಂಚ ಕಚ್ಚಿ, ಗಾಳಿಗೆ ತೊಟ್ಟಿಲಿನಂತೆ ತೂಗುತ್ತ, ಆ ದುಂಡು ಗೋಡೆಯ ಮೇಲೆ ಅವರು ಆಳೆತ್ತರದ ಅಕ್ಷರಗಳನ್ನು ಮೂಡಿಸಿದ ಕಾಲಕ್ಕೆ ಊರಿನಲ್ಲಿ ಕಂಪ್ಯೂಟರು ಎಂಬ ವಸ್ತುವೇ ಇರಲಿಲ್ಲ. ಚಿಂತಾಮಣಿ ರಸ್ತೆಯಿಂದ ನೋಡಿದರೂ, ರೇಷ್ಮೆಗೂಡಿನ ಮಾರುಕಟ್ಟೆಯಿಂದ ನೋಡಿದರೂ ಒಂದಕ್ಷರವೂ ವಾಲಿದಂತೆ ಕಾಣುತ್ತಿರಲಿಲ್ಲ. ಕೆಳಗಿಳಿದ ಮೇಲೆ ಅವರ ಕಾಲುಗಳು ಮಾತ್ರ ಸಂಜೆಯವರೆಗೆ ನೆಲವನ್ನು ನಂಬಲಿಲ್ಲ.

ಕುಂಚ ಬಿಟ್ಟು ಕಂಪ್ಯೂಟರು ಹಿಡಿದ ಅಂಥವರ ಡಿಸೈನ್ ಅಂಗಡಿಯಲ್ಲಿ ಕಳವಿನ ಮಾಲು ಇದೆಯೆಂದು ಅವರ ಕಂಪ್ಯೂಟರೇ ಒಂದು ದಿನ ಸಾಕ್ಷಿ ನುಡಿಯಿತು. ಯಾರೋ ಪುಣ್ಯಾತ್ಮರು ಸಿಡಿಯಲ್ಲಿ ತುಂಬಿಕೊಟ್ಟಿದ್ದ ಡಿಸೈನ್ ಸಾಫ್ಟ್‌ವೇರು, ಲಗ್ನಪತ್ರಿಕೆ ಮಾಡಿಸಲು ಬಂದ ಬೀಗರ ಎದುರಿನಲ್ಲೇ ‘ಇದು ಅಸಲಿ ಪ್ರತಿಯಲ್ಲ’ ಎಂದು ಪರದೆಯ ತುಂಬ ಸಾರಿಬಿಟ್ಟಿತು.

“ಎಲ್ರೂ ಹಂಗೇ ಇಟ್ಕೊಂಡವ್ರೆ ಬಿಡಪ್ಪಾ, ಇನ್ನೊಂದು ಕಾಪಿ ಹಾಕ್ಸಣ,” ಎಂದಳು ಅಂಗಡಿಯಲ್ಲಿ ಜೊತೆಗೆ ದುಡಿಯುವ ಮಗಳು ಶಿರೀಷಾ.

“ಅಂಗಡೀಲಿರೋದು ನಮ್ದಾಗಿರ್ಬೇಕು, ಇಲ್ಲಾ ಎಲ್ರುದೂ ಆಗಿರ್ಬೇಕು. ಕದ್ದಿದ್ದು ಬ್ಯಾಡ ಕಣಮ್ಮಾ,” ಎಂದರು ನರಸಿಂಹಪ್ಪ.

ಎಲ್ಲರದೂ ಆದದ್ದನ್ನು ಶಿರೀಷಾಳೇ ಹುಡುಕಿದಳು. ಇಂಕ್‌ಸ್ಕೇಪ್ ಎಂಬ ಆ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಬಿಟ್ಟಿ ಹಾಕಿಕೊಳ್ಳಬಹುದಾಗಿತ್ತು. ನರಸಿಂಹಪ್ಪನವರು ಆ ಬೇಸಿಗೆಯೆಲ್ಲ ಕೂತು ಅದನ್ನು ಕಲಿತರು. ಕಲಿತ ಮೇಲೆ ಹೊಸದಾಗಿ ದೀಕ್ಷೆ ಪಡೆದವರಂತೆ, ವಿಸಿಟಿಂಗ್ ಕಾರ್ಡಿಗೆ ಬಂದವರಿಗೂ ಅರ್ಧ ಗಂಟೆ ಅದರ ಮಹಿಮೆಯನ್ನು ಉಪದೇಶಿಸಿಯೇ ಕಳಿಸುತ್ತಿದ್ದರು.

ಹೀಗಿರಲು, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲರುಗಳ ಸಂಘಕ್ಕೆ ಲಾಲ್ ಬಾಷಾ ಅವರು ಹೊಸ ಅಧ್ಯಕ್ಷರಾದರು. ಅವರ ಸನ್ಮಾನದ ಫ್ಲೆಕ್ಸು ನರಸಿಂಹಪ್ಪನವರ ಪಾಲಿಗೆ ಬಂತು.

“ನೋಡಿ ನರಸಿಂಹಪ್ಪನೋರೆ,” ಎಂದಿದ್ದರು ಲಾಲ್ ಬಾಷಾ, “ಹೋದ್ ಸಲ ಫ್ಲೆಕ್ಸ್‌ನಾಗೆ ಮುಖ ಚಿಕ್ಕದಾಯ್ತು ಅಂತ ಅರ್ಧ ಕಮಿಟಿ ಬಿರಿಯಾನಿ ಬಿಟ್ಟು ಎದ್ದೋಯ್ತು. ಈ ಸಲ ಜಗಳ ಇಲ್ದೆ ನಡೆದ್ರೆ, ಬಿಲ್‌ಬುಕ್ಕು, ಕ್ಯಾಲೆಂಡರು, ವರ್ಷದ ಕೆಲ್ಸ ಎಲ್ಲಾ ಫ್ಲೆಕ್ಸ್ ಮಾಡಿದೋರಿಗೇ. ಇದು ಲಾಲ್ ಬಾಷಾ ಜಬಾನು.”

ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಮುಂದಿನ ತಿಂಗಳು ಬಾಗಿಲೆಳೆಯಬೇಕು. ಇದು ತಂದೆಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ಸನ್ಮಾನದ ದಿನ ಬೆಳಗ್ಗೆ ಸಂಘದ ಕಾರ್ಯದರ್ಶಿ ಮುರಳಿಮೋಹನ್ ಫೋನು ಮಾಡಿ, ಫ್ಲೆಕ್ಸ್ ಹೇಗಿದೆಯೆಂದು ತೋರಿಸಲು ಕೇಳಿದ. ಹಿಂದಾಗಿದ್ದರೆ ನರಸಿಂಹಪ್ಪನವರು ಒಂದು ಫೋಟೋ ಕಳಿಸಿ ಸುಮ್ಮನಾಗುತ್ತಿದ್ದರು. ಈಗ ಅವರು ಮುಕ್ತರು. ಮೂಲ ಫೈಲನ್ನೇ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ‘ಮುಚ್ಚುಮರೆಯಿಲ್ಲ. ಯಾರು ಬೇಕಾದರೂ ತೆರೆದು ಪರಿಶೀಲಿಸಬಹುದು’ ಎಂದು ಬರೆದು, ಸಾಫ್ಟ್‌ವೇರು ಸಿಗುವ ತಾಣದ ವಿಳಾಸವನ್ನೂ ಕೊಟ್ಟರು. ಅವರ ವಿನ್ಯಾಸದಲ್ಲಿ ನಡುವೆ ಅಧ್ಯಕ್ಷರು ಹುಣ್ಣಿಮೆಯ ಚಂದ್ರನಂತಿದ್ದರು. ಕೆಳಗೆ ಪದಾಧಿಕಾರಿಗಳ ಮುಖಗಳು ತಟ್ಟೆಯೊಳಗಿನ ಇಡ್ಲಿಗಳಂತೆ ಒಂದೇ ಅಳತೆಯಲ್ಲಿ ಸಾಲಾಗಿದ್ದವು.

ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಗುಂಪಿಗೆ ‘ಫೈನಲ್’ ಎಂಬ ಫೈಲು ಬಂದು ಬಿತ್ತು. ಅದರಲ್ಲಿ ದಿಬ್ಬೂರಹಳ್ಳಿಯ ಕೋನಪ್ಪ, ಅಂದರೆ ಸಂಘದ ಉಪಾಧ್ಯಕ್ಷ, ಹಲಸಿನ ಹಣ್ಣಿನಂತೆ ಊದಿ ನಡುವೆ ಕೂತಿದ್ದ. ಅಧ್ಯಕ್ಷರು ಅವನ ಭುಜದ ಬಳಿ ರೇಷ್ಮೆಗೂಡಿನಷ್ಟಾಗಿದ್ದರು. ಹಿಂದೆಯೇ ಕೋನಪ್ಪನ ಫೋನು ಬಂತು.

“ಏನ್ ನರಸಿಂಹಣ್ಣಾ, ಉಪಾಧ್ಯಕ್ಷನ್ನ ಇಡ್ಲಿ ಮಾಡಿದ್ಯಲ್ಲ! ನಾನೇ ಸರಿ ಮಾಡ್ಸಿ ಹಾಕಿದೀನಿ, ನೋಡ್ಕೊ.”

“ಯಾರತ್ರ ಮಾಡ್ಸಿದ್ಯೋ?”

“ಯಾರಾದ್ರೆ ನಿಂಗೇನಯ್ಯಾ? ಎಲ್ರೂ ಬಿಚ್ಚಬೋದು ಅಂತ ನೀನೇ ಬರ್ದಿದ್ದೀಯ!”

ಆಮೇಲೆ ‘ಫೈನಲ್ ಎರಡು’ ಬಂತು. ಅದರಲ್ಲಿ ಮುರಳಿಮೋಹನ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ವಿಮಾನದಿಂದ ಇಳಿದವನಂತೆ ನಿಂತಿದ್ದ. ‘ನಿಜವಾದ ಫೈನಲ್’ನಲ್ಲಿ ಖಜಾಂಚಿ ರಮೇಶ್‌ಬಾಬು ತನ್ನ ಜೊತೆಗೆ ಸ್ವರ್ಗಸ್ಥ ತಂದೆಯವರನ್ನೂ ಕರೆತಂದಿದ್ದ. ಅಲ್ಲಿ ಅಧ್ಯಕ್ಷರನ್ನು ಹುಡುಕಲು ಶಿರೀಷಾ ಕನ್ನಡಕ ಒರೆಸಿಕೊಳ್ಳಬೇಕಾಯಿತು.

“ನೀನು ಅಡುಗೆಮನೆ ಬಾಗ್ಲನ್ನೇ ತೆಗೆದಿಟ್ಬಿಟ್ಯಲ್ಲಪ್ಪಾ!” ಎಂದು ಅವಳು ಹಣೆ ಹಿಡಿದುಕೊಂಡಳು.

“ಊರೇ ಕಲ್ತುಬಿಡ್ತಲ್ಲಮ್ಮಾ, ಅರ್ಧ ದಿನದಾಗೆ!” ಎಂದರು ನರಸಿಂಹಪ್ಪ. ಆ ಭಯದಲ್ಲೂ ಅವರ ದನಿಯಲ್ಲಿ ತುಸು ಹೆಮ್ಮೆಯಿತ್ತು.

ತಮ್ಮ ಮೂಲ ಫೈಲನ್ನೇ ಸದ್ದಿಲ್ಲದೆ ಅಚ್ಚು ಹಾಕಿಸುವುದೆಂದು ನಿಶ್ಚಯಿಸಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಅವರು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು. ಫ್ಲೆಕ್ಸ್ ಯಂತ್ರದ ಒಡೆಯ ಅಫ್ಜಲ್ ನಗುತ್ತಲೇ ಎದುರುಗೊಂಡ.

“ಬನ್ನಿ ಗುರುಗಳೇ! ನಿಮ್ಮೂರಿಂದ ಆಗ್ಲೇ ಮೂರು ಫೈಲು ಬಂದವೆ. ಸನ್ಮಾನ ಒಂದೇ, ದೊಡ್ಡ ಮುಖ ಮೂರು. ಅವ್ರವ್ರ ಬೀದಿಗೆ ಅವ್ರವ್ರ ಫ್ಲೆಕ್ಸಂತೆ. ಸ್ಟೇಜಿಗೆ ನಿಮ್ದೇ ಅಂತೆ.”

ನರಸಿಂಹಪ್ಪನವರ ಎದೆ ಹಗುರಾಯಿತು. ಮೂವರಿಗೂ ಮೂರು ಬೀದಿಯಿರುವಾಗ ಜಗಳವೆಲ್ಲಿಯದು? ಅಷ್ಟರಲ್ಲಿ ಯಂತ್ರದ ಬಾಯಿಂದ ಕೋನಪ್ಪನ ಹಣೆ ಹೊರಬಂತು, ಆಮೇಲೆ ಮೂಗು ಬಂತು. ಪರದೆಯಲ್ಲಿ ಸರಿಯಾಗಿದ್ದ ಎರಡೂ ಅಚ್ಚಿನಲ್ಲಿ ಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

“ನಿಲ್ಸಪ್ಪಾ! ಹೆಣದ ತರ ಐತಲ್ಲೋ!”

“ಕಳ್ಸಿದಂಗೆ ಪ್ರಿಂಟ್ ಮಾಡೋದು ನನ್ ಕೆಲ್ಸ ಗುರುಗಳೇ.”

ಈ ಮುಖವನ್ನು ಕಂಡರೆ ಕೋನಪ್ಪ ಬಿರಿಯಾನಿ ಬಿಡುವುದಿರಲಿ, ಹಂಡೆಯನ್ನೇ ಮಗುಚುತ್ತಾನೆ. ಅಲ್ಲಿಗೆ ವರ್ಷದ ಕೆಲಸವೂ ಹೋಯಿತು. ನರಸಿಂಹಪ್ಪನವರು ಸ್ಟೂಲೆಳೆದುಕೊಂಡು ಕೂತು ಲ್ಯಾಪ್‌ಟಾಪು ಬಿಚ್ಚಿದರು. ಪರದೆಯ ಬೆಳಕಿನ ಬಣ್ಣವನ್ನು ಮಸಿಯ ಬಣ್ಣಕ್ಕೆ ಹೊಂದಿಸುತ್ತ, ಕೆನ್ನೆಯ ನೀಲಿಯನ್ನು ಇಳಿಸುತ್ತ, ಮೂರು ಫೈಲುಗಳ ಅಷ್ಟೂ ಮುಖಗಳಿಗೆ ಒಂದೊಂದಾಗಿ ಜೀವಕಳೆ ತಂದರು. ರಮೇಶ್‌ಬಾಬುವಿನ ತಂದೆಯವರು ಸಹ ಬದುಕಿದ್ದ ಕಾಲಕ್ಕಿಂತ ಲಕ್ಷಣವಾದರು. ಹೊತ್ತು ಇಳಿಯುವಾಗ ನಾಲ್ಕೂ ಫ್ಲೆಕ್ಸುಗಳನ್ನು ಸುತ್ತಿಸಿ, ಟೆಂಪೋದಲ್ಲಿ ಅವುಗಳ ಪಕ್ಕದಲ್ಲೇ ಕೂತು ಊರಿಗೆ ಬಂದರು.

ಸಂಜೆ ಸಮಾರಂಭವು ದೇವರ ಕಾರ್ಯದಂತೆ ನಡೆಯಿತು. ಕೋನಪ್ಪ ತನ್ನ ಬೀದಿಯಲ್ಲಿ ತನ್ನ ಮುಖದ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಬಂದಿದ್ದ. ಒಬ್ಬರೂ ಊಟ ಬಿಟ್ಟು ಏಳಲಿಲ್ಲ. ಕೆಲವರು ಎರಡನೆಯ ಪಂಕ್ತಿಗೂ ಕೂತರು. ಲಾಲ್ ಬಾಷಾ ಅವರು ನರಸಿಂಹಪ್ಪನವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಕೆಳಗೆ ಕೂತಿದ್ದ ಶಿರೀಷಾ ಕಣ್ಣೊರೆಸಿಕೊಂಡಳು.

“ಈ ಬಿಟ್ಟಿ ಸಾಫ್ಟ್‌ವೇರ್ ನಮ್ಗೆಲ್ಲಾ ತೋರ್ಸಿದ ದೊಡ್ಡೋರು ಇವ್ರು!” ಎಂದರು ಅಧ್ಯಕ್ಷರು. ಚಪ್ಪಾಳೆ ಮೊಳಗಿತು. “ಇನ್ನೊಬ್ಬರನ್ನೂ ಕರೀತೀನಿ. ನಮ್ಮ ಮುರಳಿಮೋಹನ್ ಮಗಳು ಯಾಮಿನಿ. ಬೆಳಗ್ಗೆ ಅದ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡ್ಳು, ಮಧ್ಯಾಹ್ನದೊಳಗೆ ಮೂರು ಫ್ಲೆಕ್ಸೂ ಒಬ್ಳೇ ಮಾಡಿದ್ಳು. ಕಮಿಟಿಯೋರೆಲ್ಲಾ ಅವ್ಳ ಹತ್ರಾನೇ ಹೋಗಿದ್ದು! ಕಲರ್ ನೋಡಿದ್ರಾ? ಕೋನಪ್ಪ ಮದುಮಗ ಇದ್ದಂಗವ್ನೆ! ಜಗಳ ತಪ್ಸಿದೋಳು ಇವ್ಳು. ನಾನು ಕೊಟ್ಟ ಜಬಾನಿನ ಪ್ರಕಾರ ಸಂಘದ ವರ್ಷದ ಕೆಲ್ಸ ಈ ಬೇಟಿಗೇ!”

ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು. ಪೇಟ ಕಣ್ಣಿನವರೆಗೆ ಜಾರಿದರೂ ನರಸಿಂಹಪ್ಪನವರು ಅದನ್ನು ಸರಿಪಡಿಸಿಕೊಳ್ಳಲಿಲ್ಲ.

ವೇದಿಕೆಯಿಂದ ಇಳಿಯುವಾಗ ಯಾಮಿನಿ ಮೆಟ್ಟಿಲಿನ ಬಳಿ ಅವರ ಕಾಲು ಮುಟ್ಟಿ ನಮಸ್ಕರಿಸಿದಳು.

“ತಾತಾ, ನಾನು ಮಾಡಿದ್ದು ಇಷ್ಟು ಚೆನ್ನಾಗಿರ್ಲೇ ಇಲ್ಲ. ಅಫ್ಜಲ್ ಅಂಕಲ್‌ನ ಕೇಳ್ದೆ, ಕಲರ್ ಎಲ್ಲಾ ನೀವೇ ಸರಿ ಮಾಡಿದ್ರಂತೆ. ಏನ್ ಮಾಡಿದ್ರಿ ತಾತಾ?”

ನರಸಿಂಹಪ್ಪನವರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. ಕಲಿಯಲು ಬಂದವರಿಗೆ ಇಲ್ಲವೆಂದು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಬೆಳಕಿನ ಬಣ್ಣಕ್ಕೂ ಮಸಿಯ ಬಣ್ಣಕ್ಕೂ ಇರುವ ಭೇದವನ್ನು, ಮುಖದಲ್ಲಿ ನೀಲಿಯನ್ನು ಎಷ್ಟು ಇಳಿಸಬೇಕೆಂಬುದನ್ನು, ಮೊದಲಿನಿಂದ ಕೊನೆಯವರೆಗೆ ವಿವರಿಸಿದರು.

ಯಾಮಿನಿ ತನ್ಮಯಳಾಗಿ ಕೇಳಿ, ಪರ್ಸಿನಿಂದ ಮೊಬೈಲು ತೆಗೆದಳು.

“ಇನ್ನೊಂದ್ ಸಲ ಹೇಳಿ ತಾತಾ, ರೆಕಾರ್ಡ್ ಮಾಡ್ಕೋತೀನಿ. ಸೋಮವಾರದಿಂದ ಕ್ಯಾಲೆಂಡರ್ ಕೆಲ್ಸ ಶುರು ಮಾಡ್ಬೇಕು.”